ಅಜ್ಜನ ಹಣೆಯ ಮೇಲೆ ಕಡಲತಳ

೨೭ ಫೆಬ್ರುವರಿ ೧೯೭೯, ಶಲವಡಿ. ಬೆಳಿಗ್ಗೆ

ಮತ್ತೆ ಕರೆಂಟು ಇಲ್ಲ. ಮೇಜನ್ನು ಪಡಸಾಲೆಯ ಬಾಗಿಲಿಗೆ ಎಳೆದುಕೊಂಡೆ. ಮೈಕ್ರೋಸ್ಕೋಪಿಗೆ ಬಿಸಿಲೇ ದೀಪ. ಬಿಸಿಲು ಸರಿದಂತೆ ನಾನೂ ಸರಿಯುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಇರುತ್ತೇನೆ. ಹೋಗಿ ಬರುವವರೆಲ್ಲ ನಿಂತು ನೋಡುತ್ತಾರೆ. ಈರಬಸಪ್ಪನ ಮೊಮ್ಮಗಳು ಎಮ್ಮೆಸ್ಸಿ ಓದಿ, ಗೋವಾಕ್ಕೆ ಹೋಗಿ, ಉಸುಕು ಆರಿಸುವುದನ್ನು ಕಲಿತು ಬಂದಿದ್ದಾಳೆ ಅಂತ ಊರ ತುಂಬ ಸುದ್ದಿ. ಸುಳ್ಳೇನಲ್ಲ.

ಕೂದಲೆಳೆಯಂಥ ಬ್ರಷ್. ತುದಿ ಒದ್ದೆ ಮಾಡಿ ಒಂದೊಂದೇ ಚಿಪ್ಪು ಎತ್ತಿ ಕರಿ ತಟ್ಟೆಯಲ್ಲಿ ಇಡುವುದು, ಜಾತಿ ನೋಡಿ ಎಣಿಸುವುದು. ಅವ್ವನ ಮಾತು: "ಅಕ್ಕ್ಯಾಗಿನ ಹರಳ ಆರಸು ಅಂದ್ರ ಕಣ್ಣು ನೋಯ್ತಾವ. ಇದನ್ನ ಮಾತ್ರ ದಿನಾ ಪೂರ್ತಿ ಆರಸ್ತಿ."

ಅಜ್ಜನ ಆಪರೇಷನ್ ಆಗಿ ಒಂದು ವಾರ. ಅಣ್ಣಿಗೇರಿಯ ಶಿಬಿರದಲ್ಲಿ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣು ಎಂದೋ ಹೋಗಿದೆ. ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟಿದೆ. ತಲೆಗೆ ನೀರು ಹಾಕುವಂತಿಲ್ಲ, ಬಗ್ಗುವಂತಿಲ್ಲ. ಕನ್ನಡಕ ಏಪ್ರಿಲ್‌ನಲ್ಲಿ. ಅವನನ್ನು ನೋಡಿಕೊಳ್ಳಲೆಂದೇ ರಜೆ ಕೇಳಿದೆ. ಗೋವಾದ ನನ್ನ ಗೈಡ್ ಸರ್ ಕೊಟ್ಟರು, ಹಳೆಯ ಮೈಕ್ರೋಸ್ಕೋಪನ್ನೂ ಕೊಟ್ಟರು. ಒಂದೇ ಷರತ್ತು. ಏಪ್ರಿಲ್ ಮುಗಿಯುವುದರೊಳಗೆ ಸಮುದ್ರತಳದ ಈ ಕೋರಿನ ಎಲ್ಲ ಸ್ಯಾಂಪಲ್‌ಗಳ ಎಣಿಕೆ ಮುಗಿಯಬೇಕು. ಮುಗಿದರೆ ಮೇ ತಿಂಗಳ ಹಡಗಿನಲ್ಲಿ ನನಗೊಂದು ಜಾಗ. ಇಲ್ಲದಿದ್ದರೆ ಬೇರೆಯವರಿಗೆ. ಸಾಲಿನಲ್ಲಿ ಬಹಳ ಜನ ಇದ್ದಾರೆ, ಎಲ್ಲರೂ ಗಂಡಸರು.

ಮೂರು ವರ್ಷದಿಂದ ಸಮುದ್ರದ ತಳ ನೋಡುತ್ತಿದ್ದೇನೆ. ದಂಡೆ ಬಿಟ್ಟು ಒಳಗೆ ಹೋಗಿಲ್ಲ. ಈ ಹಡಗು ತಪ್ಪಿದರೆ ಮತ್ತೆ ಕರೆಯುತ್ತಾರೆ ಎನ್ನುವ ನಂಬಿಕೆ ನನಗಿಲ್ಲ.

೨ ಮಾರ್ಚ್

ಅಜ್ಜನಿಗೆ ಹೊತ್ತು ಹೋಗುವುದಿಲ್ಲ. ಕಣ್ಣು ಮುಚ್ಚಿಸಿದರೂ ಬಾಯಿ ಮುಚ್ಚಿಸಿಲ್ಲವಲ್ಲ. ನನ್ನ ಬಾಜುಕ್ಕೇ ಕೂತು ಕೇಳುತ್ತಾನೆ.

"ಏನ್ ಮಾಡಾಕತ್ತಿಬೇ ಮಾದೇವಿ?"

ಹೇಳಿದೆ. ಹಡಗಿನಿಂದ ಉದ್ದನ್ನ ಕೊಳವೆ ಇಳಿಬಿಡುತ್ತಾರೆ. ಎರಡು ಮೈಲಿ ನೀರಿನ ಕೆಳಗೆ ಕೆಸರಿಗೆ ನೆಟ್ಟು ಮೇಲೆ ಎಳೆಯುತ್ತಾರೆ. ಒಳಗೆ ಕೆಸರು ಪದರ ಪದರವಾಗಿ ಬರುತ್ತದೆ. ಅದೇ ಕೋರ್. ಮೇಲಿನದು ಈಗಿನದು, ಕೆಳಗೆ ಹೋದಂತೆ ಹಳೆಯದು.

"ಜ್ವಾಳ ತುಂಬೂ ಹಗೇವು ಇದ್ದಂಗ ಅನ್ನು," ಅಂದ. "ಅಡಿಗಿನ ಜ್ವಾಳ ಹಳೇದು."

ಅಷ್ಟೇ ವಿಷಯ. ಇದನ್ನು ನನ್ನ ತಲೆಗೆ ಹಾಕಲು ಯೂನಿವರ್ಸಿಟಿಗೆ ಒಂದು ಟರ್ಮ್ ಬೇಕಾಯಿತು.

ಆಮೇಲೆ ಬಾಯಿಬಡುಕಿಯ ಕಥೆ ಹೇಳಿದೆ. ಲ್ಯಾಟಿನ್ನಿನಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಬಾಯಿ ಅಷ್ಟು ಅಗಲವಾಗಿರುವುದರಿಂದ ನಾನು ಇಟ್ಟ ಹೆಸರು ಇದು. ನೀರಿನ ಮೇಲ್ಭಾಗದಲ್ಲಿ ಬದುಕುವ ಜೀವ, ಸಾಸಿವೆಗಿಂತ ಸಣ್ಣದು. ಮುಂಗಾರಿನ ಗಾಳಿ ಜೋರಾಗಿ ಬೀಸಿದರೆ ಅರಬರ ದಂಡೆಯ ಕಡೆ ಆಳದ ತಣ್ಣೀರು ಮೇಲೆ ಬರುತ್ತದೆ. ಅದರ ಜೊತೆ ಇದರ ಊಟವೂ ಬರುತ್ತದೆ. ಆಗ ಬಾಯಿಬಡುಕಿಯರು ಹೆಚ್ಚುತ್ತಾರೆ. ಗಾಳಿ ಸೋತ ಕಾಲದಲ್ಲಿ ಕಡಿಮೆಯಾಗುತ್ತಾರೆ. ಸತ್ತ ಮೇಲೆ ಚಿಪ್ಪು ತಳಕ್ಕೆ ಬೀಳುತ್ತದೆ. ಯಾವ ಪದರದಲ್ಲಿ ಎಷ್ಟಿವೆ ಎಂದು ಎಣಿಸಿದರೆ ಯಾವ ಕಾಲದಲ್ಲಿ ಗಾಳಿ ಹೇಗಿತ್ತು ಎಂದು ತಿಳಿಯುತ್ತದೆ. ಗಾಳಿ ತಿಳಿದರೆ ಮಳೆ.

ಅಜ್ಜ ಮುಖ ಪಡುವಣಕ್ಕೆ ತಿರುಗಿಸಿದ.

"ಎಲ್ಲಿ ಅರಬರ ಸಮುದ್ರ, ಎಲ್ಲಿ ನಮ್ಮ ಎರಿ ಹೊಲ. ಅಲ್ಲಿ ಯಾರ ಕುಂತ ನೋಡಿದ್ರು?"

"ಈ ಚಿಪ್ಪ ನೋಡ್ಯಾವು ಅಜ್ಜಾ. ನಾ ಕೇಳಾಕತ್ತೀನಿ ಅಷ್ಟ."

"ಖರೆ ಹೇಳ್ತಾವು ಅಂತೀ?"

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ.

೫ ಮಾರ್ಚ್, ಸಂಜೆ

ಒಂದೇ ಒಂದು ಸ್ಯಾಂಪಲ್ ಉಳಿದಿದೆ. ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದು. ಹದಿನೆಂಟು ಸಾವಿರ ವರ್ಷದ ಹಿಂದಿನದು. ಭೂಮಿಯ ಉತ್ತರಕ್ಕೆಲ್ಲ ಹಿಮ ಹೆಪ್ಪುಗಟ್ಟಿ ಕೂತಿದ್ದ ಕಾಲ. ಆಗ ಸಮುದ್ರ ಎಷ್ಟೋ ಆಳೆತ್ತರ ಕೆಳಗೆ ಇಳಿದಿತ್ತಂತೆ. ಆಗ ಮುಂಗಾರು ಇತ್ತೇ? ಇದ್ದರೆ ಎಷ್ಟಿತ್ತು? ಸರ್ ಅವರ ಊಹೆ, ಸೋತಿತ್ತು ಅಂತ. ಊಹೆ ಎಲ್ಲರೂ ಮಾಡುತ್ತಾರೆ. ಉತ್ತರ ಇರುವುದು ಈ ಪೊಟ್ಟಣದಲ್ಲಿ.

ಪೊಟ್ಟಣ ಬಿಚ್ಚಿದೆ. ಇನ್ನೂ ಹಸಿ. ನಿಂಬೆಹಣ್ಣಿನಷ್ಟು ಮಬ್ಬು ಬಿಳಿ ಉಂಡೆ. ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತೆ. ಆ ಕಾಲದಲ್ಲಿ ಈ ಊರಿಗೆ ಹೆಸರಿಲ್ಲ, ಹೆಸರಿಡುವ ಭಾಷೆಯಿಲ್ಲ, ಬಿತ್ತುವವರು ಯಾರೂ ಇಲ್ಲ. ಈ ಕೆಸರು ಮಾತ್ರ ಇತ್ತು. ಹೆದರಿಕೆಯೇ ಆಯಿತು. ಅವ್ವ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ, ಬೈಸಿಕೊಂಡೆ.

ಬಟ್ಟಲಲ್ಲಿ ಹಾಕಿ ಮೇಜಿನ ಮೇಲೆ ಒಣಗಲು ಇಟ್ಟಿದ್ದೇನೆ. ಕೆಸರು ತೊಳೆಯುವ ಜರಡಿ ಹರಿದಿದೆ. ನಾಳೆ ಧಾರವಾಡಕ್ಕೆ ಹೋಗಿ ಬೇರೆ ತರಬೇಕು. ಮೂರ್ನಾಲ್ಕು ದಿನ ಗೆಳತಿಯ ಮನೆಯಲ್ಲಿ ಇದ್ದು ಬರುತ್ತೇನೆ.

೧೦ ಮಾರ್ಚ್

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬಸ್ ಇಳಿದು ಮನೆಗೆ ಬಂದೆ. ಅಜ್ಜ ಕಟ್ಟೆಯ ಮೇಲೆ ಕೂತಿದ್ದ. ಹಸಿರು ಬಟ್ಟೆಯ ಮೇಲೆ ಹಣೆಯ ತುಂಬ ಮೂರು ಪಟ್ಟೆ ವಿಭೂತಿ. ತೋಳಿಗೆ, ಎದೆಗೆ, ಕುತ್ತಿಗೆಗೆ. ಕಾಲಸಪ್ಪಳ ಕೇಳಿಯೇ ಗುರುತು ಹಿಡಿದ.

"ಬಂದೇನ್ ಮಾದೇವಿ? ಈ ಸಲದ ವಿಭೂತಿ ನೋಡಬೇ, ಅಗದಿ ನುಣ್ಣಗ ಐತಿ. ನೀರ ತಾಗಿಸಿದ್ರ ಸಾಕು, ಬೆಣ್ಣಿ ಆಗ್ತೈತಿ."

ಬಣ್ಣ ನೋಡಿದೆ. ಸಗಣಿ ಸುಟ್ಟು ಮಾಡಿದ ವಿಭೂತಿಯ ಬಣ್ಣ ಅದಲ್ಲ. ಆ ಮಬ್ಬು ಬಿಳಿ ನನಗೆ ಗೊತ್ತು. ಒಳಗೆ ಓಡಿದೆ. ಮೇಜಿನ ಮೇಲೆ ಬಟ್ಟಲು ಇಲ್ಲ. ದೇವರ ಜಗಲಿಯ ಮೇಲೆ ಇತ್ತು, ಖಾಲಿ.

ಅವ್ವ ಅಳುವ ದನಿಯಲ್ಲಿ ಹೇಳಿದಳು. "ನೆಲಾ ಸಾರಸಬೇಕಾಗಿತ್ತು. ಬಟ್ಟಲ ಎತ್ತಿ ಜಗಲಿ ಮ್ಯಾಲೆ ಇಟ್ಟೆ. ಮಾವಾರಿಗೆ ಅಂತ ನೀನ ಮಠದಿಂದ ವಿಭೂತಿ ಗಟ್ಟಿ ತಂದೀ ಅನಕೊಂಡೆನಿ."

ಅಜ್ಜನಿಗೆ ಕಣ್ಣಿಲ್ಲ. ದಿನಾ ಲಿಂಗಪೂಜೆಗೆ ಕೂತಾಗ ಕೈ ಚಾಚುವುದು ಜಗಲಿಗೇ. ಸಿಕ್ಕಿದ್ದನ್ನು ಹಚ್ಚಿಕೊಂಡಿದ್ದಾನೆ. ಧಾರಾಳವಾಗಿ. ಕೇಳಲು ಬಂದವರಿಗೂ ಕೊಟ್ಟಿದ್ದಾನೆ.

ಆಗ ನಾನು ಕೂಗಾಡಿದೆ. ಏನೇನೋ ಅಂದೆ. ಹಡಗು ಹೋಯಿತು, ಮೂರು ವರ್ಷ ಹೋಯಿತು ಅಂದೆ. ಅದಿರಲಿ. ಕೊನೆಗೆ ಅಂದದ್ದು ಇದು: "ಅದು ವಿಭೂತಿ ಅಲ್ಲ ಅಜ್ಜಾ. ಸತ್ತ ಹುಳದ ಚಿಪ್ಪು. ಸತ್ತ ಹುಳಾ ಹಣಿಗೆ ಹಚ್ಚಿಕೊಂಡ ಕುಂತೀ."

ಅಜ್ಜನ ಕೈ ಹಣೆಯವರೆಗೆ ಹೋಗಿ ನಿಂತಿತು. ಮುಟ್ಟಲಿಲ್ಲ.

"ಲಿಂಗಕ್ಕೂ ಹಚ್ಚೇನಿ," ಅಂದ. ಅಷ್ಟೇ.

ಹಾಗೆ ಅನ್ನಬಾರದಿತ್ತು.

ಅದೇ ದಿನ, ಸಂಜೆ

ಬಾಜು ಮನೆಯ ಖಾಸಿಂಬಿ ಮಜ್ಜಿಗೆಗೆ ಬಂದಿದ್ದಳು. ಹಣೆಯ ಮೇಲೆ ಒಂದು ಬಿಳಿ ಗೀರು. "ಅಜ್ಜಾರು ಕೊಟ್ಟ ವಿಭೂತಿ ಹಚ್ಚಿದೆ ನೋಡ ಮಾದೇವಿ, ತಲಿಶೂಲಿ ಹಾರಿ ಹೋತು." ಅವಳಿಗೆ ಏನು ಹೇಳಲಿ? ಮಜ್ಜಿಗೆ ಹಾಕಿ ಕಳಿಸಿದೆ. ಹಿಮಯುಗ ಊರ ತುಂಬ ತಲೆನೋವು ವಾಸಿ ಮಾಡುತ್ತ ಓಡಾಡುತ್ತಿದೆ.

೧೧ ಮಾರ್ಚ್

ಮೇಜಿನ ಮುಂದೆ ಕೂತಿದ್ದೆ, ಸುಮ್ಮನೆ. ಅಜ್ಜ ಗೋಡೆ ಹಿಡಿದುಕೊಂಡು ಬಂದ. ಬಿಸಿಲು ಮೈಗೆ ತಾಗುವಲ್ಲಿ ಕೂತು ಮುಖ ಮೇಲೆ ಮಾಡಿದ.

"ನಿಂದು ನೀ ತಗೋ. ನಾ ಅಲ್ಲಾಡಾಂಗಿಲ್ಲ."

ತಲೆಗೆ ನೀರು ಹಾಕಬಾರದು ಎಂದು ಡಾಕ್ಟರು ಹೇಳಿದ್ದರಿಂದ ಹಣೆ ತೊಳೆದೇ ಇರಲಿಲ್ಲ. ದಿನದ ಮೇಲೆ ದಿನ ಹಚ್ಚಿಕೊಂಡದ್ದು ಹಾಗೇ ಉಳಿದಿತ್ತು. ಅಡಿಯಲ್ಲಿ ಹಳೆಯ ನಿಜವಾದ ವಿಭೂತಿ, ಮೇಲೆ ಕಡಲತಳ. ಹಣೆಯೇ ಒಂದು ಕೋರ್. ನಗು ಬರಬೇಕಿತ್ತು, ಬರಲಿಲ್ಲ.

ಕರಿ ಕಾಗದ ಕೆಳಗೆ ಹಿಡಿದು ಬ್ರಷ್‌ನಿಂದ ಮೆಲ್ಲಗೆ ಉದುರಿಸಿದೆ. ಸುಕ್ಕುಗಳಲ್ಲಿ ಹೊಕ್ಕಿದ್ದನ್ನು ತುದಿ ಒದ್ದೆ ಮಾಡಿ ಎತ್ತಿದೆ. ತೋಳು, ಎದೆಯದನ್ನು ನೀರಿನಲ್ಲಿ ತೊಳೆದು ಹೊಸ ಜರಡಿಯಲ್ಲಿ ಹಿಡಿದೆ. ಅಜ್ಜ ಉಸಿರು ಸಹ ನೋಡಿ ಬಿಡುತ್ತಿದ್ದ. ಅವನ ಹಣೆ ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಹದಿನೆಂಟು ಸಾವಿರ ವರ್ಷ ಸೂರ್ಯನನ್ನೇ ಕಾಣದೆ ನೀರಿನಡಿ ಬಿದ್ದಿದ್ದು ಈಗ ಶಲವಡಿಯ ಬಿಸಿಲಲ್ಲಿ, ಒಬ್ಬ ಮುದುಕನ ಹುಬ್ಬಿನ ಮೇಲೆ ಮಿನುಗುತ್ತಿತ್ತು.

ಮುಗಿದ ಮೇಲೆ ತಪ್ಪಾಯಿತು ಅಂದೆ. ಗೋಡೆ ಹಿಡಿದುಕೊಂಡೇ ಒಳಗೆ ಹೋದ.

೧೯ ಮಾರ್ಚ್

ಅಜ್ಜ ವಿಭೂತಿ ಹಚ್ಚುವುದು ಬಿಟ್ಟಿದ್ದಾನೆ. ಬೋಳು ಹಣೆ. ಹುಟ್ಟಿದಾಗಿನಿಂದ ಕಂಡಿಲ್ಲ. ಲಿಂಗವನ್ನು ಅಂಗೈಯಲ್ಲಿ ಹಿಡಿದು ಬರಿದೇ ಕೂತು ಏಳುತ್ತಾನೆ. ಅವ್ವ ಮಠದಿಂದ ಹೊಸ ಗಟ್ಟಿ ತರಿಸಿದಳು. ಅದನ್ನೂ ಮುಟ್ಟಲಿಲ್ಲ.

ಇವತ್ತು ಅಣ್ಣಿಗೇರಿಗೆ ಕರೆದುಕೊಂಡು ಹೋಗಿ ಬಂದೆ. ಹಸಿರು ಬಟ್ಟೆ ತೆಗೆದರು. ಕಣ್ಣು ಚೆನ್ನಾಗಿದೆ, ಕನ್ನಡಕ ಬರುವವರೆಗೆ ಮಬ್ಬು ಇರುತ್ತದೆ ಅಂದರು. ಅಜ್ಜ ನಂಬಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

"ಹಾಲಿನ ಒಳಗ ಮುಳುಗಿಸಿದಂಗ ಐತಿ," ಅಂದ. ಊರು ಹತ್ತಿರ ಬಂದಾಗ ಮತ್ತೆ, "ಹಚ್ಚಬಾರದ್ದ ಹಚ್ಚಿಕೊಂಡೆ. ಇನ್ನ ಕಣ್ಣ ಬರಾಂಗಿಲ್ಲ."

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ. ವಿಜ್ಞಾನದ ಹುಡುಗಿ ಹೇಳುವ ರೀತಿಯಲ್ಲಿ ಹೇಳಿದೆ. ಅವನಿಗೆ ಬೇಕಾಗಿದ್ದದ್ದು ಅದಾಗಿರಲಿಲ್ಲ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು.

೨೪ ಮಾರ್ಚ್, ಮಧ್ಯಾಹ್ನ

ಇದನ್ನು ಹೇಗೆ ಬರೆಯಲಿ.

ಹಣೆಯ ಚಿಪ್ಪುಗಳನ್ನು ಎಣಿಸುತ್ತಿದ್ದೆ. ಅರ್ಧ ಒಡೆದಿವೆ, ಬೂದಿ ಮೆತ್ತಿಕೊಂಡಿದೆ. ಅಜ್ಜ ಬಾಜುಕ್ಕೆ ಕೂತಿದ್ದ. ಎಷ್ಟೋ ದಿನದ ಮೇಲೆ ತಾನಾಗಿ ಮಾತಾಡಿದ.

"ನಾ ಹಚ್ಚಿಕೊಂಡದ್ದು ಎಂಥಾದು, ತೋರಸಬೇ."

"ಕನ್ನಡಕ ಬರ್ಲಿ ಅಜ್ಜಾ. ಈಗ ಕಾಣಾಂಗಿಲ್ಲ."

ಅಂದ ಮೇಲೆ ಕೈಯಲ್ಲಿದ್ದ ಮೈಕ್ರೋಸ್ಕೋಪಿನ ತಿರುಪಿನ ಮೇಲೆ ಗಮನ ಹೋಯಿತು. ಪೊರೆಯ ಜೊತೆ ಕಣ್ಣಿನೊಳಗಿನ ಮಸೂರವನ್ನೂ ತೆಗೆದಿದ್ದಾರೆ. ಅದಕ್ಕೇ ಮಬ್ಬು. ಆದರೆ ಇಲ್ಲಿ ಮಸೂರಗಳ ರಾಶಿಯೇ ಇದೆಯಲ್ಲ. ನನ್ನ ಕಣ್ಣಿಗೆ ಕೂಡಿಸಿದ್ದನ್ನು ಅವನ ಕಣ್ಣಿಗೆ ಕೂಡಿಸಿದರೆ?

ಮುಖ ಹಿಡಿದು ಬಲಗಣ್ಣನ್ನು ಕೊಳವೆಗೆ ತಾಗಿಸಿದೆ. ತಿರುಪು ತಿರುಗಿಸಿದೆ. "ಏನೂ ಇಲ್ಲ," ಅಂದ. ಇನ್ನಷ್ಟು. "ಹಾಲು." ಇನ್ನೂ ತಿರುಗಿಸಿದೆ, ನಾನೆಂದೂ ತಿರುಗಿಸದಷ್ಟು.

"ತಡಿ," ಅಂದ.

ತಡೆದೆ. ಅಜ್ಜನ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿಯಿತು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಬಿಟ್ಟರೆ ಬೇರೇನೂ ಇಲ್ಲ.

"ಅಳ್ಳು," ಅಂದ ಮೆಲ್ಲಗೆ. "ಜ್ವಾಳದ ಅಳ್ಳು ಹುರದಂಗ ಅದಾವು. ಬೆಳ್ಳಗ. ನಾಕ ಗುಂಡು ಕೂಡಿ ಒಂದ ಆಗೇತಿ. ಬಾಯಿ ತೆರದೈತಿ. ಮೈಯೆಲ್ಲಾ ಸಣ್ಣ ಸಣ್ಣ ತೂತು… ಮಾದೇವಿ, ತೂತ ಸೈತ ಕಾಣಾಕತ್ತಾವು ನನಗ."

ನನಗೆ ಅಳು ಬಂತು. ಪೊರೆ ಕವಿದು ಎಷ್ಟೋ ವರ್ಷದ ಮೇಲೆ ಆ ಕಣ್ಣು ಸ್ಪಷ್ಟವಾಗಿ ಕಂಡ ಮೊದಲ ವಸ್ತು ಇದು. ಅವ್ವನ ಮುಖ ಅಲ್ಲ, ನನ್ನದಲ್ಲ, ಹೊಲ ಅಲ್ಲ. ಮನುಷ್ಯರು ಬೇಸಾಯ ಕಲಿಯುವ ಮೊದಲು ಬದುಕಿದ್ದ ಒಂದು ಬಾಯಿಬಡುಕಿ.

"ಇದು ಉಣ್ತಿತ್ತೇನು?"

"ಹೌದಜ್ಜಾ."

"ಇಷ್ಟ ಸಣ್ಣ ಬಾಯಿಗೆ ಯಾರ ನೀಡತಿದ್ರು?"

"ಗಾಳಿ. ಆವತ್ತ ಹೇಳಿದ್ನಲ್ಲಾ, ಮುಂಗಾರಿ ಗಾಳಿ."

ಅಜ್ಜ ಕಣ್ಣು ತೆಗೆಯಲಿಲ್ಲ. ಕೊಳವೆಯ ಒಳಗೇ ಮಾತಾಡಿದ.

"ಆ ಗಾಳಿ ಬೀಸಿದ್ರ ಇದಕ್ಕ ಊಟ. ಅದ ಗಾಳಿ ಇಲ್ಲಿಗಿ ಬಂದ್ರ ನಮಗ ಊಟ. ಹಂಗಾದ್ರ ಒಂದ ಪಂಗ್ತ್ಯಾಗ ಕುಂತ ಉಂಡವರಾದ್ವಿ." ಸ್ವಲ್ಪ ಬಿಟ್ಟು, "ಒಂದ ಪಂಗ್ತ್ಯಾಗಿನವರ ಮೈ ಮೈಲಿಗಿ ಹೆಂಗ ಆದೀತು?"

ನನ್ನ ಮೂರು ವರ್ಷದ ಕೆಲಸವನ್ನು ನಾನೇ ಹೀಗೆ ನೋಡಿರಲಿಲ್ಲ. ಎಣಿಸಿದ್ದೆ, ಅಷ್ಟೇ. ಅಜ್ಜನ ಬೆನ್ನಿನ ಮೇಲೆ ಕೈಯಿಟ್ಟು ನಿಂತೆ.

ಅವ್ವನನ್ನು ಕರೆದ. "ಶಿವಗಂಗವ್ವಾ, ಬಾರವಾ ಇಲ್ಲೆ. ನನ್ನ ಕಣ್ಣ ಐತಿ."

೨೫ ಮಾರ್ಚ್

ಬೆಳಿಗ್ಗೆ ಅಜ್ಜನ ಹಣೆಯ ಮೇಲೆ ಮೂರು ಪಟ್ಟೆ. ಮಠದ ವಿಭೂತಿ. ಖಾತ್ರಿ ಮಾಡಿಕೊಳ್ಳಲು ಮೂಸಿ ನೋಡಿದೆ. ಅಜ್ಜ ನನ್ನ ತಲೆಗೆ ಒಂದು ಕೊಟ್ಟ.

೨೬ ಮಾರ್ಚ್

ಹಣೆಯ ಎಣಿಕೆ ಮುಗಿಯಿತು. ಬಾಯಿಬಡುಕಿಯರು ಬಹಳ ಕಡಿಮೆ. ಗ್ರಾಫಿನಲ್ಲಿ ಹಾಕಿದರೆ ಸರ್ ಊಹಿಸಿದ ಜಾಗದಲ್ಲಿಯೇ ಹೋಗಿ ಕೂರುತ್ತದೆ. ಮುಂಗಾರು ಸೋತಿತ್ತು. ಎಷ್ಟು ಚಂದ ಕೂತಿದೆ ಎಂದರೆ ನನಗೆ ಭಯ.

ಇದನ್ನೇ ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಎಲ್ಲ ಸ್ಯಾಂಪಲ್ ಮುಗಿದವು ಎಂದು ಬರೆದರೆ ಹಡಗು ನನ್ನದು. ಮಧ್ಯಾಹ್ನವೆಲ್ಲ ಇದೇ ಯೋಚನೆ. ನಾಚಿಕೆಯಿಲ್ಲದೆ ಯೋಚಿಸಿದೆ.

ಆದರೆ ದೊಡ್ಡವು ಉದುರಿ ಸಣ್ಣವಷ್ಟೇ ಹಣೆಯಲ್ಲಿ ಉಳಿದಿರಬಹುದು. ತೆಳುವಾದವು ಅಜ್ಜನ ಬೆರಳಿಗೆ ಪುಡಿಯಾಗಿರಬಹುದು. ಬಾಯಿಬಡುಕಿಯ ಗೋಡೆಯೂ ತೆಳುವೇ. ಹಾಗಾದರೆ ಕಡಿಮೆಯಾದದ್ದು ಗಾಳಿಯಿಂದಲೋ, ಅಜ್ಜನ ಭಕ್ತಿಯಿಂದಲೋ? ನನಗೆ ಹೇಳಲು ಬರುವುದಿಲ್ಲ. ಖರೆ ಹೇಳುತ್ತವೆಯೇ ಎಂದು ಅಜ್ಜ ಕೇಳಿದ್ದ. ಅವು ಹೇಳುತ್ತವೆ. ನಾನು ಅವುಗಳ ಬಾಯಿಯಲ್ಲಿ ಸುಳ್ಳು ಹೇಳಿಸಬಾರದು.

ಸರ್‌ಗೆ ಎಲ್ಲವನ್ನೂ ಬರೆದೆ. ಜಗಲಿ, ವಿಭೂತಿ, ಬ್ರಷ್, ಎಲ್ಲ. ಅಜ್ಜನಿಗೆ ಓದಿ ಹೇಳಿದೆ.

"ನನ್ನ ಹೆಸರ ಹಾಕಿದೇನು? ಈರಬಸಪ್ಪ ಹಚ್ಚಿಕೊಂಡಾನ ಅಂತ ಬರಿ. ನಿನಗ ಬೈಯೂದ ಬ್ಯಾಡ."

"ಬೈತಾರ ಅಜ್ಜಾ. ಹಡಗೂ ಹೋತು."

"ಹೋಗ್ಲಿ ಬಿಡು," ಅಂದ. ರಾತ್ರಿ ಅರ್ಧ ರೊಟ್ಟಿ ಬಿಟ್ಟು ಎದ್ದ. ಅವನಿಗೂ ಸಂಕಟವಾಗಿದೆ ಎಂದು ತಿಳಿಯಿತು.

೧೬ ಏಪ್ರಿಲ್

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಪೋಸ್ಟಿನವನ ಸೈಕಲ್ ಗಂಟೆಗೆ ಕಿವಿ ಕೊಟ್ಟು ಕೂತಿದ್ದೆ. ಇವತ್ತು ಸರ್ ಅವರ ಕಾಗದ ಬಂತು. ಅರ್ಧ ಪುಟ.

ಹಣೆಯ ಎಣಿಕೆಯನ್ನು ಬಳಸಬೇಡ. ಆ ಕೋರಿನ ಉಳಿದರ್ಧ ಬೇರೆ ಕೆಲಸಕ್ಕೆ ಖರ್ಚಾಗಿದೆ, ಇನ್ನು ಸಿಗುವುದಿಲ್ಲ. ಗ್ರಾಫಿನಲ್ಲಿ ಆ ಜಾಗ ಖಾಲಿ ಬಿಡು. ಖಾಲಿ ಜಾಗಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಮೇ ತಿಂಗಳಲ್ಲಿ ಹಡಗು ಅದೇ ಸ್ಥಳದ ಮೇಲೆ ಹಾಯುತ್ತದೆ. ಇನ್ನೊಂದು ಕೋರ್ ತೆಗೆಯಲು ಒಪ್ಪಿಸಿದ್ದೇನೆ. ಕಳೆದವರೇ ತರಬೇಕು. ಏಪ್ರಿಲ್ ಮೂವತ್ತರೊಳಗೆ ಬಾ. ಹಡಗಿನಲ್ಲಿ ಹೆಂಗಸರಿಗೆ ಬೇರೆ ಕೋಣೆ ಇಲ್ಲ, ಔಷಧದ ಕೋಣೆಯಲ್ಲಿ ಮಲಗಬೇಕು.

ಕೆಳಗೆ ಬೇರೆ ಶಾಯಿಯಲ್ಲಿ: ನಿಮ್ಮ ಅಜ್ಜನವರ ಕಣ್ಣು ಹೇಗಿದೆ?

ಕಾಗದ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಒಬ್ಬಳೇ ಕುಣಿದೆ. ಖಾಸಿಂಬಿ ಗೋಡೆಯ ಆಚೆಯಿಂದ ನೋಡಿಬಿಟ್ಟಳು.

೨೯ ಏಪ್ರಿಲ್

ಟ್ರಂಕು ಕಟ್ಟಿದೆ. ಅಜ್ಜನಿಗೆ ಕನ್ನಡಕ ಬಂದಿದೆ. ಸೋಡಾ ಬಾಟಲಿಯ ತಳದಷ್ಟು ದಪ್ಪ. ಅದರ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತದೆ. ಎಲ್ಲವನ್ನೂ ಹತ್ತಿರ ಹಿಡಿದು ನೋಡುತ್ತಾನೆ. ಜೋಳದ ಕಾಳು, ತನ್ನ ಉಗುರು, ಅವ್ವನ ಬಳೆ. ಅವ್ವನಿಗೆ ನಾಚಿಕೆ.

ಬಸ್ ಹತ್ತುವಾಗ ಒಂದು ವಿಭೂತಿ ಗಟ್ಟಿ ಕೈಗೆ ಕೊಟ್ಟ.

"ಕಡಲಾಗಿನವರದು ನಾ ಹಚ್ಚಿಕೊಂಡೆ. ನಮ್ಮದು ಅವರಿಗಿ ಮುಟ್ಟಸು. ಲೆಕ್ಕಕ್ಕಲ್ಲ ಮತ್ತ. ಪಂಗ್ತ್ಯಾಗ ಕುಂತ ಮ್ಯಾಲೆ ಕೊಟ್ಟ ತಗೊಳ್ಳೂದು ಇರ್ತೈತಿ."

ಅವ್ವ ಅಳುತ್ತಿದ್ದಳು. ಅಜ್ಜ ಅಳಲಿಲ್ಲ, ಪಡುವಣ ಆಕಾಶ ನೋಡುತ್ತಿದ್ದ. ಮೋಡ ಒಂದೂ ಇರಲಿಲ್ಲ. ಆದರೂ ನೋಡುತ್ತಿದ್ದ.

೧೯ ಮೇ, ಹಡಗು. ಬೆಳಿಗ್ಗೆ

ಮೂರು ದಿನ ವಾಂತಿ. ಇವತ್ತು ಎದ್ದು ನಿಂತೆ. ಎಲ್ಲಿ ನೋಡಿದರೂ ನೀರು. ನಮ್ಮ ಎರಿ ಹೊಲದ ನಡುವೆ ನಿಂತಾಗಲೂ ಹೀಗೇ, ಆಕಾಶ ಸುತ್ತಲೂ ನೆಲಕ್ಕೆ ತಾಗಿರುತ್ತದೆ. ಇಲ್ಲಿ ನೆಲ ಮಾತ್ರ ಉಸಿರಾಡುತ್ತದೆ. ನೈಋತ್ಯದಿಂದ ಗಾಳಿ, ಈಗಷ್ಟೇ ಶುರುವಾದದ್ದು. ಕೆಳಗೆ ಕಾಣದಷ್ಟು ಸಣ್ಣ ಬಾಯಿಗಳು ತೆರೆದಿರಬೇಕು. ಇದೇ ಗಾಳಿ ಇನ್ನು ಕೆಲವು ದಿನಕ್ಕೆ ಶಲವಡಿಯಲ್ಲಿ ಅಜ್ಜನ ಧೋತರ ಹಾರಿಸುತ್ತದೆ. ರೇಲಿಂಗ್ ಹಿಡಿದುಕೊಂಡು ಗಾಳಿಗೆ ಮುಖ ಕೊಟ್ಟು ನಿಂತೆ.

ಅಜ್ಜನ ಗಟ್ಟಿಯನ್ನು ನಿನ್ನೆ ವಾಂತಿಯ ನಡುವೆಯೇ ನೀರಿಗೆ ಬಿಟ್ಟೆ, ಕೋರ್ ತೆಗೆಯುವ ಜಾಗದಿಂದ ಸಾಕಷ್ಟು ದೂರದಲ್ಲಿ. ಮುಂದೆಂದೋ ಯಾವಳೋ ಒಬ್ಬಳು ಎಣಿಸುವಾಗ ಸಗಣಿಯ ಬೂದಿ ಸಿಕ್ಕಿ ತಲೆ ಕೆರೆದುಕೊಳ್ಳಲಿ.

ಮಧ್ಯಾಹ್ನ

ಕೊಳವೆ ಮೇಲೆ ಬಂತು. ತುಂಬಿದೆ. ಹಿಡಿದುಕೊಳ್ಳಲು ಸರ್ ನನ್ನನ್ನೇ ಕರೆದರು. ಎರಡು ಮೈಲಿ ಆಳದ ತಂಪು ಇನ್ನೂ ಕಬ್ಬಿಣದಲ್ಲಿತ್ತು. ಮುಚ್ಚಳ ಹಾಕಿ ಒಳಗೆ ಒಯ್ದರು. ಈ ಸಲ ಅದನ್ನು ಯಾವ ಜಗಲಿಗೂ ಬಿಡುವುದಿಲ್ಲ.

ಕೊಳವೆಯ ಹೊರಮೈಗೆ ಕೆಸರು ಮೆತ್ತಿತ್ತು. ಅದು ಲೆಕ್ಕಕ್ಕಿಲ್ಲ, ಹೇಗೂ ತೊಳೆದು ಚೆಲ್ಲುತ್ತಾರೆ. ನನ್ನ ಕೈಗೆಲ್ಲ ಹತ್ತಿತ್ತು. ಮಬ್ಬು ಬಿಳಿ, ಅಗದಿ ನುಣುಪು. ತೊಳೆಯಲು ನಲ್ಲಿಯವರೆಗೆ ಹೋದೆ. ನಲ್ಲಿ ತಿರುಗಿಸಲಿಲ್ಲ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಮೂರು ಬೆರಳು ಕೂಡಿಸಿ ಹಣೆಗೆ—